ಮಗನನ್ನು ಕೊಟ್ಟು ಸ್ಟಾರನ್ನು ತಂದದ್ದು

ಬೆಳಿಗ್ಗೆ ಗಿರಾಕಿಗಳಿಗೆಂದು ಬೇಯಿಸಿಟ್ಟ ಅನ್ನದಲ್ಲಿ ಅರ್ಧ ಪಾತ್ರೆ ಖಾಲಿ. ಎಂಜಲು ತಟ್ಟೆಗಳು ಮೇಜಿನ ಮೇಲೇ ಒಣಗುತ್ತಿವೆ, ಒಂದನ್ನಾದರೂ ಎತ್ತಿ ನೀರಿಗೆ ಹಾಕಿದ್ದರೆ ಕೇಳಿ. ಮನೆಯಲ್ಲಿರುವುದು ಒಂದೇ ಫ್ಯಾನು, ಅದು ಯಾರ ಮುಖಕ್ಕೆ ತಿರುಗಿದೆ ಎಂದು ಕೇಳುವುದೇ ಬೇಡ. ಆ ಮಹಾರಾಯ ಬಿಸಿಲು ನೆತ್ತಿಗೇರಿದರೂ ಕಾಲು ಚಾಚಿ ಮಲಗಿದ್ದಾನೆ. ಅದೂ ಜೊಮೆಲ್‌ನ ಚಾಪೆಯ ಮೇಲೆ, ಜೊಮೆಲ್‌ನ ದಿಂಬಿಗೆಲ್ಲ ತಲೆಯ ಘಮಘಮ ಎಣ್ಣೆ ಮೆತ್ತಿಕೊಂಡು. ಜೊಮೆಲ್ ಎಂದರೆ ಆಲಿಂಗ್ ಸೆಪಾಳ, ಅಂದರೆ ಊಟದಂಗಡಿಯ ಸೆಪಕ್ಕನ, ಒಬ್ಬನೇ ಮಗ. ಅವನೆಲ್ಲಿ ಎಂದರೆ, ಅವನನ್ನು ಕೊಟ್ಟೇ ಅಲ್ಲವೇ ಇವನನ್ನು ತಂದದ್ದು.

ಕೊಟ್ಟು ತರುವುದಕ್ಕೆ ನನ್ನ ಮಗನೇನು ಹಂದಿಮರಿಯೇ ಎಂದು ಸೆಪಾ ಲೋಮಿ ಕುಡಿಯಲು ಬಂದವರನ್ನೆಲ್ಲ ಕೇಳುತ್ತಿದ್ದಳು. ಬಂದವರು ದಪ್ಪ ಶಾವಿಗೆಯ ಆ ಬಿಸಿ ಮಂದ ಸಾರನ್ನು ಸೊರಸೊರ ಹೀರುತ್ತ ತಲೆ ಆಡಿಸುತ್ತಿದ್ದರು. ಹೀರಿ ಮುಗಿದ ಮೇಲೆ, ಡೆಕ್ಸ್ಟರ್ ಎದ್ದನೇ, ಅವನ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದರು. ಇಡೀ ಪಾಯಪಾಗೆ ಚಿಂತೆ ಇದ್ದದ್ದು ಆ ಮೊಣಕಾಲಿನದು.

ಪಾಯಪಾ ಬತಾಂಗಾಸ್ ಕಡೆಯ ಒಂದು ಬರಂಗಾಯ್. ಪಟ್ಟಣದ ಕೆಳಗೆ ಬರುವ ಇಂಥ ಊರುಗಳು ಬೇಕಾದಷ್ಟಿವೆ, ಪ್ರತಿಯೊಂದಕ್ಕೂ ಒಂದು ಪುಟ್ಟ ಇಗರ್ಜಿ, ಊರಿಗೆ ಯಜಮಾನನಾಗಿ ಒಬ್ಬ ಕಾಪ್ತಾನ್, ಒಂದು ಬ್ಯಾಸ್ಕೆಟ್‌ಬಾಲ್ ಅಂಕಣ. ಇಗರ್ಜಿಯ ಗೋಡೆ ಬಿರುಕು ಬಿಟ್ಟರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ, ರಿಂಗು ಸೊಟ್ಟಗಾದರೆ ಅವತ್ತೇ ವೆಲ್ಡಿಂಗ್‌ನವನನ್ನು ಕರೆಸುತ್ತಾರೆ. ಸೆಪಾಳ ಬದುಕೆಲ್ಲ ಆ ಅಂಕಣದ ಪಕ್ಕದಲ್ಲೇ ಕಳೆಯಿತು. ಸುಗ್ಗಿಯಲ್ಲಿ ಅದರ ಮೇಲೆ ಭತ್ತ ಹರಡಿ ಒಣಗಿಸಿದ್ದಾಳೆ, ಅವಳ ಮದುವೆಯ ಊಟ ಆದದ್ದು ಅಲ್ಲೇ. ಅವಳಪ್ಪ ಸತ್ತಾಗ ಪೆಟ್ಟಿಗೆಯನ್ನು ಇಟ್ಟದ್ದೂ ರಿಂಗಿನ ಕೆಳಗೇ. ಜಾಗರಣೆಯ ಮೂರನೆಯ ದಿನ ಹುಡುಗರು ಮೆಲ್ಲಗೆ ಬಂದು, ಪೆಟ್ಟಿಗೆಯನ್ನು ಒಂಚೂರು ಆ ಕಡೆ ಸರಿಸಬಹುದಾ, ನಮಗೆ ಅರ್ಧ ಅಂಕಣ ಸಾಕು ಎಂದು ಕೇಳಿದ್ದರು. ಸೆಪಾ ಸರಿಸಿದಳು. ಅಪ್ಪ ಬದುಕಿದ್ದರೂ ಬೇಡ ಅನ್ನುತ್ತಿರಲಿಲ್ಲ.

ಇಂಥ ಊರಿನಲ್ಲಿ ಹುಟ್ಟಿ, ಇಂಥ ಊರಿನ ಕೋಚನ್ನೇ ಕಟ್ಟಿಕೊಂಡಳು. ಗಂಡ ಪೊನ್ಸೊ ಹಗಲೆಲ್ಲ ಬೈಕಿಗೆ ಪಕ್ಕದ ಗಾಡಿ ಕಟ್ಟಿದ ಬಾಡಿಗೆ ಟ್ರೈಸಿಕಲ್ ಓಡಿಸುತ್ತಾನೆ, ಸಂಜೆ ಊರ ತಂಡಕ್ಕೆ ಆಟ ಹೇಳಿಕೊಡುತ್ತಾನೆ, ನಡುವೆ ಸಿಕ್ಕ ಹೊತ್ತಿನಲ್ಲೆಲ್ಲ ಟ್ರೈಸಿಕಲ್ ಸ್ಟ್ಯಾಂಡಿನಲ್ಲಿ ಕೂತು ಮನಿಲಾದ ದೊಡ್ಡ ತಂಡಗಳ ಲೆಕ್ಕಾಚಾರ ಮಾಡುತ್ತಾನೆ. ಯಾವ ತಂಡ ಯಾರಿಬ್ಬರನ್ನು ಬಿಟ್ಟುಕೊಟ್ಟು ಯಾವ ಸ್ಟಾರನ್ನು ತರಬೇಕಿತ್ತು, ತರದೆ ಹೇಗೆ ಹಾಳಾಯಿತು ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿದೆ. ಮನೆಯಲ್ಲಿ ಗ್ಯಾಸ್ ಮುಗಿದು ಎರಡು ದಿನವಾದದ್ದು ಮಾತ್ರ ತಿಳಿದಿರುವುದಿಲ್ಲ.

ಮನಿಲಾದವರು ಪೊನ್ಸೊನ ಮಾತು ಕೇಳಲಿಲ್ಲ. ಆದರೆ ಊರಿನವರು ಕೇಳಿದರು, ಅದೇ ಆದದ್ದು ಎಡವಟ್ಟು.

ಪ್ರತಿ ವರ್ಷ ಬರಂಗಾಯ್‌ಗಳ ನಡುವೆ ಲಿಗಾ ಪಂದ್ಯಾವಳಿ ನಡೆಯುತ್ತದೆ. ಪ್ರತಿ ವರ್ಷವೂ ಪಾಯಪಾ ತೊರೆಯಾಚೆಯ ಬುಲಿಹಾನ್ ಎದುರು ಸೋಲುತ್ತದೆ. ಬುಲಿಹಾನ್‌ನಲ್ಲಿ ಡೆಕ್ಸ್ಟರ್ ಇದ್ದ. ಎತ್ತರಕ್ಕೆ ಎತ್ತರ, ಹಾರಿದರೆ ರಿಂಗಿನ ಮೇಲೆ ಕೈ, ಎಲ್ಲಿಂದ ಎಸೆದರೂ ಚೆಂಡು ಒಳಗೆ. ಹಾಗಂತ ಅವನಿಗೂ ಗೊತ್ತಿತ್ತು, ಆದ್ದರಿಂದ ಯಾರಿಗೂ ಪಾಸ್ ಕೊಡುತ್ತಿರಲಿಲ್ಲ. ಇಂಥವನು ಬುಲಿಹಾನ್‌ನ ಕಾಪ್ತಾನ್‌ನ ಮಗಳ ಮೇಲೆ ಕಣ್ಣು ಹಾಕಿದ. ಅವಳೂ ಹಾಕಿದಳು. ಕಾಪ್ತಾನ್‌ಗೆ ರೇಗಿಹೋಗಿ, ಕಪ್ ಹೋದರೆ ಹೋಗಲಿ, ಈ ಪುಂಡ ನನ್ನ ಊರಿನ ಗಡಿಯೊಳಗೆ ಇರಕೂಡದು ಎಂದು ಪಾಯಪಾಗೆ ಹೇಳಿಕಳಿಸಿದ. ನೀವು ಒಬ್ಬನನ್ನು ಕೊಡಿ, ಇವನನ್ನು ಕರಕೊಂಡು ಹೋಗಿ. ಲಿಗಾದ ನಿಯಮದಂತೆ ಆಟಗಾರ ಯಾವ ಬರಂಗಾಯ್‌ಗೆ ಆಡುತ್ತಾನೋ ಅಲ್ಲಿ ಆರು ತಿಂಗಳು ಮಲಗಿ ಎದ್ದಿರಬೇಕು. ಹಾಗಾಗಿ ಬರೀ ಆಟಗಾರರ ಅದಲುಬದಲು ಅಲ್ಲ ಇದು, ಮನೆಗಳ ಅದಲುಬದಲು.

ಮಾತುಕತೆ ಆದದ್ದು ಸೆಪಾಳ ಅಂಗಡಿಯಲ್ಲೇ, ಸೆಪಾಳದೇ ಬರಾಕೊ ಕಾಫಿ ಕುಡಿಯುತ್ತ. ಪಾಯಪಾದ ಕಡೆಯಿಂದ ಕಾಪ್ತಾನ್ ತಾಸ್ಯೊ ಕೂತಿದ್ದ. ಅವನನ್ನು ಊರೆಲ್ಲ ಕಾಪ್ ಎಂದು ಕರೆಯುವುದು, ಪೊನ್ಸೊ ಮಾತ್ರ ಪಾರೆ ಅನ್ನುತ್ತಾನೆ. ಜೊಮೆಲ್‌ನ ಜ್ಞಾನಸ್ನಾನಕ್ಕೆ ಮಗುವನ್ನು ಹಿಡಿದು ನಿಂತವನು ಈ ತಾಸ್ಯೊನೇ, ಹಾಗೆ ನಿಂತವನಿಗೂ ಹೆತ್ತವನಿಗೂ ಸಾಯುವತನಕ ಪಾರೆ ಎಂಬ ನಂಟು. ಇಬ್ಬರು ಒಳ್ಳೆಯ ಆಟಗಾರರನ್ನಾದರೂ ಕೇಳುತ್ತಾರೆ ಎಂದು ಕಾಪ್ ತಾಸ್ಯೊ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದ. ಬುಲಿಹಾನ್‌ನವರು ಕೇಳಿದ್ದು ಒಬ್ಬನನ್ನೇ. ಅವರ ಕೋಚ್ ಚಾರಿಂಗ್ ಟೀಚರ್ ಬೆಂಚಿನ ಕೊನೆಯಲ್ಲಿ ಕೂರುವ ಆ ಹುಡುಗ ಸಾಕು ಎಂದಿದ್ದಾಳೆ, ಅವನ ಹೆಸರು ಜೊಮೆಲ್ ಅಂತೆ, ಎಂದರು. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಎಂದು ಕಾಪ್ ತಾಸ್ಯೊ ಕಾಫಿ ಲೋಟವನ್ನು ಕೆಳಗಿಡುವ ಮೊದಲೇ ಅವರ ಕೈ ಕುಲುಕಿಬಿಟ್ಟ. ಅವರು ಅತ್ತ ಹೋದದ್ದೇ ತಡ, ಸ್ಟ್ಯಾಂಡಿನವರೆಲ್ಲ ಬಂದು ಕೂಡಿ, ಮೋಸ ಹೋದ ಬುಲಿಹಾನ್‌ನವರನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೆಪಾ ನಗಲಿಲ್ಲ. ಜೊಮೆಲ್ ಹದಿನಾರಕ್ಕೇ ತಂಡ ಸೇರಿದವನು, ಈಗ ಮೀಸೆ ಬಲಿತಿದೆ, ಒಂದು ದಿನವಾದರೂ ಮೊದಲ ಐವರಲ್ಲಿ ಆಡಿದ್ದಿಲ್ಲ. ಆಟ ಬರುತ್ತಿರಲಿಲ್ಲ ಎಂದಲ್ಲ. ಯಾರಾದರೂ ಕಾಲು ಉಳುಕಿಸಿಕೊಂಡಾಗ ಇವನನ್ನು ಇಳಿಸುತ್ತಿದ್ದರು, ಇವನು ಎದುರಾಳಿಯ ಬೆನ್ನು ಬಿಡದೆ ಹಿಡಿದು ಚೆಂಡು ಕಿತ್ತು ಪಕ್ಕದವನಿಗೆ ಕೊಟ್ಟು ಕೆಲಸ ಮುಗಿಸುತ್ತಿದ್ದ. ಮುಗಿಸಿದ ಕೂಡಲೇ ಪೊನ್ಸೊ ವಾಪಸ್ ಕರೆದು ಕೂರಿಸುತ್ತಿದ್ದ. ಕಾರಣ ಒಂದೇ. ಕೋಚ್‌ನ ಮಗ ಎಂದು ಆಡಿಸುತ್ತಾನೆ ಅಂತ ಜನ ಅಂದುಬಿಟ್ಟರೆ? ಆ 'ಅಂದುಬಿಟ್ಟರೆ' ಎಂಬುದಕ್ಕೆ ಹೆದರಿ ಪೊನ್ಸೊ ಬೇರೆಯವರ ಮಕ್ಕಳಿಗೆಲ್ಲ ಬೆನ್ನು ತಟ್ಟಿದ, ತನ್ನವನಿಗೆ ನೀರಿನ ಬಾಟಲಿ ಹೊರಿಸಿದ. ಸೆಪಾ ಈ ವಿಷಯ ಎತ್ತಿದಾಗಲೆಲ್ಲ ನಿನಗೆ ಗೊತ್ತಾಗಲ್ಲ ಸುಮ್ಮನಿರು ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ.

ಅವತ್ತೂ ಅದೇ ಆಯಿತು.

"ಊರಲ್ಲಿ ಅಷ್ಟು ಜನ ಹುಡುಗರಿರೋವಾಗ ಅವರು ಹೆಸರು ಹಿಡಿದು ನಮ್ಮ ಜೊಮೆಲ್‌ನ ಕೇಳಿದ್ರು," ಎಂದಳು ಸೆಪಾ. "ಯಾಕೆ ಅಂತ ನಿಮಗೊಬ್ಬರಿಗೂ ಅನ್ನಿಸ್ಲಿಲ್ವಾ?"

"ಅವರಿಗೆ ಲೆಕ್ಕಕ್ಕೆ ಯಾವನಾದ್ರೂ ಒಬ್ಬ ಬೇಕಿತ್ತು ಕಣೇ. ಈಗ ನಾನು ಆಗಲ್ಲ ಅಂದ್ರೆ, ಕಪ್ ಬೇಕು, ಮಗ ಮಾತ್ರ ಮನೇಲಿರಬೇಕು ಇವನಿಗೆ ಅಂತಾರೆ ಜನ."

ಸೆಪಾ ಮಗನ ಕಡೆ ತಿರುಗಿದಳು. ಅವನೊಬ್ಬ ಹೋಗಲ್ಲ ಅಂದರೆ ಸಾಕು, ಈ ಮಂಡೆ ಕೆಟ್ಟವರನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ಜೊಮೆಲ್ ಪಂಕ್ಚರ್ ಅಂಗಡಿಯಿಂದ ಬಂದವನು ಕೈಗೆ ಹತ್ತಿದ ರಬ್ಬರಿನ ಕಪ್ಪನ್ನು ಉಜ್ಜಿ ತೊಳೆಯುತ್ತಿದ್ದ. ತಲೆ ಎತ್ತದೆ, ನಿಮ್ಮಿಷ್ಟ ಅಪ್ಪ, ಎಂದ. ಹುಟ್ಟಿದಾಗಿನಿಂದ ಅವನು ಮನೆಯಲ್ಲಿ ಆಡಿದ ಮಾತುಗಳನ್ನೆಲ್ಲ ಕೂಡಿಸಿದರೂ ಒಂದು ಲೋಟ ತುಂಬುವುದಿಲ್ಲ, ಅದರಲ್ಲಿ ಮುಕ್ಕಾಲು ಪಾಲು ಇದೇ 'ನಿಮ್ಮಿಷ್ಟ'. ಮಾರನೆಯ ದಿನ ಚೀಲ ಹೆಗಲಿಗೇರಿಸಿ ತೊರೆ ದಾಟಿ ಹೋದ. ಆರೇ ತಿಂಗಳು, ಲಿಗಾ ಮುಗಿದ ಮೇಲೆ ಮನೆಗೆ ಬಂದೇ ಬರುತ್ತಾನೆ ಎಂದು ಪೊನ್ಸೊ ಅವಳನ್ನು ಸಮಾಧಾನ ಮಾಡಿದ. ಸಂಜೆಯ ಹೊತ್ತಿಗೆ ಡೆಕ್ಸ್ಟರ್ ಎರಡು ಚೀಲ, ಒಂದು ಕನ್ನಡಿ, ನಾಲ್ಕು ಜೊತೆ ಬೂಟುಗಳ ಸಮೇತ ಬಂದಿಳಿದ.

ಬಂದವನು ಹಿರಿಯರಿಗೆ ನಮಸ್ಕರಿಸುವ ರೀತಿಯಲ್ಲಿ ಸೆಪಾಳ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು, ಇವತ್ತಿನಿಂದ ನೀವೇ ನನ್ನಮ್ಮ ಎಂದ. ಬೆಣ್ಣೆ ಹಚ್ಚುವುದರಲ್ಲಿ ಎತ್ತಿದ ಕೈ. ಮಾಡಿದ್ದನ್ನೆಲ್ಲ ಹೊಗಳುತ್ತ ಮೂರು ಸಲ ಬಡಿಸಿಕೊಳ್ಳುತ್ತಿದ್ದ, ಫೋನು ಎತ್ತಿ ಹಿಡಿದು ತನ್ನ ಚಿತ್ರ ತಾನೇ ತೆಗೆದುಕೊಳ್ಳುತ್ತ, ಇದು ನನ್ನ ಎರಡನೇ ತಾಯಿಯ ಲೋಮಿ ಎಂದು ಊರಿಗೆಲ್ಲ ತೋರಿಸುತ್ತಿದ್ದ. ಸುಳ್ಳೇಕೆ ಹೇಳಬೇಕು, ಅದರಿಂದ ಅಂಗಡಿಗೆ ಗಿರಾಕಿಗಳು ಹೆಚ್ಚಾದರು. ಕಾಲೇಜು ಹುಡುಗಿಯರ ಹಿಂಡೇ ಬಂದು ಒಂದು ಬಟ್ಟಲು ಲೋಮಿಯನ್ನು ನಾಲ್ವರು ಹಂಚಿಕೊಂಡು ಗಂಟೆಗಟ್ಟಲೆ ಕೂರುತ್ತಿತ್ತು. ಅಭ್ಯಾಸಕ್ಕೆ ಮಾತ್ರ ಡೆಕ್ಸ್ಟರ್‌ಗೆ ದಿನಕ್ಕೊಂದು ನೋವು. ಇವತ್ತು ಮೊಣಕಾಲು, ನಾಳೆ ಸೊಂಟ. ಪೊನ್ಸೊ ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ಸ್ವಂತ ಮಗನ ಕಾಲನ್ನು ಒಂದು ದಿನ ಮುಟ್ಟಿ ನೋಡಿದವನಲ್ಲ ಈ ಮನುಷ್ಯ. ಅದನ್ನು ಕಂಡರೆ ಸೆಪಾಳಿಗೆ ಮೈಯೆಲ್ಲ ಉರಿದು, ಕೈಯಲ್ಲಿದ್ದ ಸೌಟನ್ನು ಎಲ್ಲಿಗಾದರೂ ಎಸೆಯಬೇಕು ಅನ್ನಿಸುತ್ತಿತ್ತು.

ಮೊದಮೊದಲು ಜೊಮೆಲ್ ಭಾನುವಾರ ಪೂಜೆ ಮುಗಿಸಿ ಬರುತ್ತಿದ್ದ. ಆಮೇಲೆ ಒಂದು ವಾರ ತಪ್ಪಿತು, ಮತ್ತೊಂದು ವಾರ ತಪ್ಪಿತು. ಬಟ್ಟೆ ಒಗೆಯಲು ತರುತ್ತಾನೆ ಎಂದುಕೊಂಡಿದ್ದಳು, ಅದೂ ಇಲ್ಲ. ಕೊನೆಗೆ ಸೆಪಾ ತಾನೇ ಹೊರಟಳು. ಹಿಂದಿನ ಸಂಜೆಯಿಂದ ಸಣ್ಣ ಉರಿಯಲ್ಲಿ ಬೇಯಿಸಿದ ತುಲಿಂಗಾನ್ ಮೀನಿನ ಮಡಕೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ತೊರೆಯ ಕಲ್ಲುಗಳ ಮೇಲೆ ಕಾಲಿಟ್ಟು, ಪೊನ್ಸೊನಿಗೆ ಶಾಪ ಹಾಕುತ್ತ ದಾಟಿದಳು.

ಚಾರಿಂಗ್ ಟೀಚರ್ ಬುಲಿಹಾನ್‌ನ ಶಾಲೆಯಲ್ಲಿ ಆಟದ ಟೀಚರ್, ಗಂಡ ತೀರಿಕೊಂಡಿದ್ದ. ಜೊಮೆಲ್ ಇದ್ದದ್ದು ಅವಳ ಮನೆಯಲ್ಲೇ. ಸೆಪಾ ಬಾಗಿಲಲ್ಲಿ ನಿಂತಾಗ ಇಬ್ಬರೂ ಊಟಕ್ಕೆ ಕೂತಿದ್ದರು. ಜೊಮೆಲ್ ಏನೋ ಹೇಳುತ್ತ, ಉಪ್ಪಿನ ಡಬ್ಬಿಯನ್ನೂ ಲೋಟವನ್ನೂ ಮೇಜಿನ ಮೇಲೆ ಅತ್ತಿತ್ತ ಸರಿಸುತ್ತ, ನಾನು ಇಲ್ಲಿಗೆ ಬಂದರೆ ಅವನು ಅಲ್ಲಿಗೆ ಬರಲೇಬೇಕು ಎಂದು ವಿವರಿಸುತ್ತಿದ್ದ. ಅವನ ದನಿ ಅಷ್ಟು ದೊಡ್ಡದು ಎಂದು ಸೆಪಾಳಿಗೆ ಗೊತ್ತೇ ಇರಲಿಲ್ಲ. ಅವಳನ್ನು ಕಂಡು ಅವನ ಮುಖ ಅರಳಿತು.

"ಅಮ್ಮ, ಬನ್ನಿ, ಊಟ ಮಾಡೋಣ," ಎಂದ.

ನಮ್ಮಲ್ಲಿ ಉಣ್ಣುತ್ತಿರುವವನು ಯಾರು ಬಂದರೂ ಹಾಗೆ ಕರೆಯುತ್ತಾನೆ. ಅಂಚೆಯವನು ಬಂದರೂ, ಸಾಲ ಕೇಳುವವನು ಬಂದರೂ. ಬಂದವನು ಇಲ್ಲ, ನಂದಾಯಿತು, ನೀವು ಮಾಡಿ ಎನ್ನುತ್ತಾನೆ, ಅದೂ ಮಾಮೂಲು. ಮನೆಯವರಿಗೆ ಯಾರೂ ಹಾಗೆ ಹೇಳುವುದಿಲ್ಲ, ತಟ್ಟೆ ಇಡುತ್ತಾರೆ ಅಷ್ಟೆ. ಸೆಪಾ ಹಸಿದು ಬಂದಿದ್ದಳು, ಮಗನ ಜೊತೆ ಉಣ್ಣಬೇಕು ಎಂದೇ ಬಂದಿದ್ದಳು. ಆದರೂ ಅಭ್ಯಾಸದ ಬಾಯಿ, ನಂದಾಯಿತು ಕಣೋ ನೀವು ಮಾಡಿ ಎಂದುಬಿಟ್ಟಿತು. ಎಂದ ಮೇಲೆ ಮೀನಿನ ಮಡಕೆ ಹಿಡಿದುಕೊಂಡು ನೆಂಟರ ಹಾಗೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು.

ಚಾರಿಂಗ್ ಟೀಚರ್ ಒಳ್ಳೆಯವಳು, ಅದೇ ಇನ್ನೂ ಸಂಕಟ. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಬರಬಹುದಿತ್ತು. ನಿಮ್ಮ ಮಗ ಎಷ್ಟು ಮಾತಾಡುತ್ತಾನೆ ನೋಡಿ, ಅಂಕಣದಲ್ಲಿ ನಾನು ಬಾಯಿ ಬಿಡುವುದೇ ಬೇಡ, ಐವರನ್ನೂ ಅವನೇ ನಡೆಸುತ್ತಾನೆ, ಬಂದ ಮೊದಲ ದಿನದಿಂದ ಒಂದು ಆಟಕ್ಕೂ ಕೂರಿಸಿಲ್ಲ ಎಂದಳು. ಇದನ್ನು ಕೇಳಿ ಸೆಪಾಳಿಗೆ ಹಿಗ್ಗಬೇಕೋ ಅಳಬೇಕೋ ತಿಳಿಯಲಿಲ್ಲ. ತೊರೆಯ ತನಕ ಜೊಮೆಲ್ ಬಿಡಲು ಬಂದ. ಲಿಗಾ ಮುಗಿದ ಕೂಡಲೇ ಬಂದುಬಿಡುತ್ತೀಯಲ್ಲ ಎಂದು ಕೇಳಿದಳು. ನೋಡೋಣ ಅಮ್ಮ, ಎಂದ. ನಿಮ್ಮಿಷ್ಟ ಎನ್ನುತ್ತಿದ್ದವನು ಮೊದಲ ಸಲ ನೋಡೋಣ ಎಂದಿದ್ದ.

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ತಟ್ಟೆಯಲ್ಲಿ ಕಾಫಿ ಬೀಜ ಜೋಡಿಸಿಕೊಂಡು, ಡೆಕ್ಸ್ಟರ್‌ಗೆ ಚೆಂಡು ಎಲ್ಲಿ ಸಿಗಬೇಕು ಎಂದು ಯೋಚಿಸುತ್ತಿದ್ದ. ಕಪ್ ಗೆದ್ದಮೇಲೆ ಎಲ್ಲ ಸರಿಹೋಗುತ್ತದೆ ಎಂದ. ಇಂಥವನ ಹತ್ತಿರ ಮಾತಾಡುವುದಕ್ಕಿಂತ ರಿಂಗಿನ ಕಂಬದ ಹತ್ತಿರ ಮಾತಾಡುವುದು ವಾಸಿ.

ಇದಾದ ಕೆಲವು ದಿನಕ್ಕೆ, ಮುಂಜಾನೆ, ಪಟ್ಟಣದ ಲಿಗಾ ಸಮಿತಿಯವರಿಬ್ಬರು ಹೇಳದೆ ಕೇಳದೆ ಬಂದು ನಿಂತರು. ಡೆಕ್ಸ್ಟರ್ ಇಲ್ಲಿಯೇ ಮಲಗುತ್ತಾನೋ ಇಲ್ಲವೋ ನೋಡಬೇಕಿತ್ತು ಎಂದರು. ಪೊನ್ಸೊ ಒಳಗೆ ಇಣುಕಿ ನೋಡಿದ, ಚಾಪೆ ಖಾಲಿ. ಪುಂಡ ತೊರೆಯಾಚೆ ಆ ಹುಡುಗಿಯನ್ನು ನೋಡಲು ಹೋಗಿದ್ದ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಪೊನ್ಸೊ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಸೆಪಾ ಒಲೆಯ ಮುಂದೆ ನಿಂತಿದ್ದಳು. ಅವನು ಇಲ್ಲ ಎಂಬ ಎರಡು ಮಾತು ಹೇಳಿದರೆ ಸಾಕಿತ್ತು. ಅದಲುಬದಲು ಅಲ್ಲಿಗೇ ಮುರಿದುಬಿದ್ದು, ಸ್ಟಾರು ಅವನ ದಾರಿ ಹಿಡಿಯುತ್ತಿದ್ದ, ಜೊಮೆಲ್ ಸಂಜೆಯೊಳಗೆ ತನ್ನ ಚಾಪೆಗೆ ಬರುತ್ತಿದ್ದ. ಬಾಯಿ ತೆರೆದೂ ಇದ್ದಳು. ಆಗ ಉಪ್ಪಿನ ಡಬ್ಬಿ, ಲೋಟ ಸರಿಸುತ್ತ ಮಾತಾಡುತ್ತಿದ್ದ ಮಗ ಕಣ್ಣಿಗೆ ಬಂದ. ಅವನು ಬರುವುದು ಮನೆಗೆ ಮಾತ್ರವಲ್ಲ, ಬೆಂಚಿಗೂ ಕೂಡ. ನೀರಿನ ಬಾಟಲಿಗೆ.

ಹೊಟ್ಟೆ ಕೆಟ್ಟಿದೆ ಅವನಿಗೆ, ಹಿಂದೆ ಹೋಗಿದ್ದಾನೆ, ಕೂತುಕೊಳ್ಳಿ ಎಂದಳು ಸೆಪಾ. ಕೂರಿಸಿ ಲೋಮಿ ಬಡಿಸಿದಳು. ಒಂದು ಬಟ್ಟಲಾಯಿತು, ಎರಡಾಯಿತು, ಮೊಟ್ಟೆ ಒಡೆದು ಹಾಕಿ ಮೂರನೆಯದನ್ನೂ ಕೊಟ್ಟಳು. ಇಷ್ಟು ಹೊತ್ತಾ ಎಂದು ಅವರು ಕೇಳಿದಾಗ, ನೀವೇ ಹೋಗಿ ಬಾಗಿಲು ತಟ್ಟಿ ನೋಡಿ, ವಾಸನೆಗೆ ನಾನು ಜವಾಬ್ದಾರಳಲ್ಲ ಎಂದಳು. ಅವರು ಹೋಗಲಿಲ್ಲ. ಅಷ್ಟರಲ್ಲಿ ಡೆಕ್ಸ್ಟರ್ ಹಿತ್ತಲ ಬೇಲಿ ಹಾರಿ, ಪ್ಯಾಂಟೆಲ್ಲ ಮೊಣಕಾಲ ತನಕ ಒದ್ದೆ ಮಾಡಿಕೊಂಡು, ಅಮ್ಮ ಹಸಿವು ಎನ್ನುತ್ತ ಒಳಗೆ ಬಂದ. ಸಮಿತಿಯವರು ಬಾಯಿ ಒರೆಸಿಕೊಂಡು ಎದ್ದುಹೋದರು. ಪೊನ್ಸೊ ಹೆಂಡತಿಯ ಕೈ ಹಿಡಿದುಕೊಂಡು, ನೀನು ಪಾಯಪಾದ ಮರ್ಯಾದೆ ಉಳಿಸಿದೆ ಎಂದ. ಅವಳು ಕೈ ಕೊಡವಿಕೊಂಡು, ಪಾಯಪಾಗಿಷ್ಟು ಬೆಂಕಿ ಹಾಕ ಎಂದು ಒಲೆಯ ಕಡೆ ತಿರುಗಿದಳು.

ಫೈನಲ್ ಪಾಯಪಾದ ಅಂಕಣದಲ್ಲೇ ನಡೆಯಿತು. ಎದುರು ಯಾರು ಎಂದು ಬೇರೆ ಹೇಳಬೇಕೇ, ಬುಲಿಹಾನ್. ಸೆಪಾ ಅಂಗಡಿ ಮುಚ್ಚಿದಳು. ಈ ಬದಿ ಕೂತರೆ ಮಗನಿಗೆ ದ್ರೋಹ, ಆ ಬದಿ ಕೂತರೆ ಗಂಡನಿಗೆ, ಹಾಗಾಗಿ ರಿಂಗಿನ ಹಿಂದೆ ಕಂಬಕ್ಕೆ ಒರಗಿ ನಿಂತಳು. ಜೊಮೆಲ್ ಮೊದಲ ಐವರಲ್ಲಿ ಇಳಿದ. ಇಳಿದವನೇ ಡೆಕ್ಸ್ಟರ್‌ನ ಬೆನ್ನು ಹಿಡಿದ. ಅವನು ಎಡಕ್ಕೆ ಹೋದರೆ ಇವನೂ ಎಡಕ್ಕೆ, ಅವನು ಹಾರಿದರೆ ಇವನ ಕೈ ಅವನ ಮೂಗಿನ ಮುಂದೆ. ನಡುನಡುವೆ ತನ್ನವರಿಗೆ ಕೂಗಿ ಹೇಳುತ್ತಿದ್ದ, ನಿನ್ನ ಹಿಂದೆ ನೋಡು, ಬಲಕ್ಕೆ ಬಾ ಎಂದು. ಪಾಯಪಾದ ಹೆಂಗಸರು, ಇವನು ನಮ್ಮ ಜೊಮೆಲ್ಲೇನಾ, ಇವನಿಗೆ ಬಾಯಿ ಇದೆಯಾ ಎಂದು ಪಿಸುಗುಟ್ಟಿದರು. ಒಮ್ಮೆ ಡೆಕ್ಸ್ಟರ್ ತಪ್ಪಿಸಿಕೊಂಡು ನುಗ್ಗಿದಾಗ, ಬಿಡಬೇಡ್ವೋ, ಹಿಡಿಯೋ ಅವನನ್ನ ಎಂದು ಸೆಪಾ ಅರಚಿಬಿಟ್ಟಳು. ಇಡೀ ಊರು ಹಿಂತಿರುಗಿ ಕೋಚ್‌ನ ಹೆಂಡತಿಯನ್ನು ನೋಡಿತು. ನೋಡಿದರೆ ನೋಡಲಿ ಎಂದು ಅವಳು ಮತ್ತೊಮ್ಮೆ ಅರಚಿದಳು.

ಗೆದ್ದದ್ದು ಪಾಯಪಾ.

ಹೌದು, ಗೆದ್ದಿತು. ಜೊಮೆಲ್ ಎಷ್ಟು ಹಿಡಿದರೂ ಡೆಕ್ಸ್ಟರ್ ಡೆಕ್ಸ್ಟರೇ. ಕೊನೆಯ ಗಳಿಗೆಯಲ್ಲಿ ಇಬ್ಬರ ಕೈಗಳ ಮೇಲಿಂದ, ಒಂದೇ ಕಾಲಲ್ಲಿ ಹಾರಿ, ಯಾರಿಗೂ ಪಾಸ್ ಕೊಡದೆ ಎರಡು ಸಲ ಎಸೆದ, ಎರಡೂ ಒಳಗೆ ಹೋದವು. ಇವನನ್ನು ತಂದದ್ದು ತಪ್ಪು ಎಂದು ಹೇಳುವ ಸುಖವನ್ನೂ ಸೆಪಾಳಿಗೆ ಆ ಪಾಪಿ ಉಳಿಸಲಿಲ್ಲ. ಕಾಪ್ ತಾಸ್ಯೊ ಪೊನ್ಸೊನನ್ನು ಹೆಗಲ ಮೇಲೆ ಎತ್ತಿಕೊಂಡ. ಸ್ಟ್ಯಾಂಡಿನವರು ಟ್ರೈಸಿಕಲ್ಲುಗಳ ಹಾರ್ನ್ ಒತ್ತಿ ಕಿವಿ ಕಿವುಡು ಮಾಡಿದರು.

ಆ ಗಲಾಟೆಯ ನಡುವೆ ಜೊಮೆಲ್ ಬೆವರು ಒರೆಸಿಕೊಂಡು ಬಂದ. ಅಪ್ಪನ ಕೈ ಹಿಡಿದು ಹಣೆಗೆ ಮುಟ್ಟಿಸಿಕೊಂಡ, ಆಮೇಲೆ ಅಮ್ಮನ ಕೈ. ಪೊನ್ಸೊ ಕಪ್ಪನ್ನು ಕಂಕುಳಲ್ಲಿ ಇರುಕಿಕೊಂಡಿದ್ದ. ಚೆನ್ನಾಗಿ ಹಿಡಿದೆ ಅವನನ್ನ ಎಂದ, ಮಗನಿಗೆ ಅಂಥ ಮಾತು ಹೇಳಿದ್ದು ಅದೇ ಮೊದಲು. ಆಮೇಲೆ, ನಡಿ ಮನೆಗೆ, ಮುಂದಿನ ವರ್ಷ ನಿನ್ನನ್ನ ಮೊದಲಿಂದಲೇ ಇಳಿಸುತ್ತೇನೆ ಎಂದ.

"ಇಲ್ಲ ಅಪ್ಪ," ಎಂದ ಜೊಮೆಲ್. "ನಾನು ಅಲ್ಲೇ ಇರ್ತೀನಿ. ಭಾನುವಾರ ಬಂದು ಹೋಗ್ತೀನಿ."

ಸಿಟ್ಟಿನಿಂದ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವನು ನಗುತ್ತಲೇ ಹೇಳಿದ. ಹೇಳಿ ತನ್ನ ತಂಡದವರ ಕಡೆ ಓಡಿದ. ಅವರಲ್ಲೊಬ್ಬ ಸೋತದ್ದಕ್ಕೆ ಅಳುತ್ತಿದ್ದ, ಜೊಮೆಲ್ ಅವನ ಕುತ್ತಿಗೆಯ ಸುತ್ತ ಕೈ ಹಾಕಿ ಏನೋ ಹೇಳುತ್ತ ನಡೆದುಹೋದ. ಮಗ ಮತ್ತೆ ಬೆಂಚಿಗೆ ಬರಬಾರದು ಎಂದು ತಾನೇ ಸುಳ್ಳು ಹೇಳಿ ಉಳಿಸಿದ್ದ ವ್ಯವಹಾರ ಇದು. ಸೆಪಾ ಯಾರನ್ನು ಬೈಯಬೇಕು?

ಮುಂದಿನದನ್ನು ಹೇಳಲು ಬೇಸರ. ಗೆಲುವಿನ ಹಬ್ಬಕ್ಕೆ ಕಡಿದ ಹಂದಿಯ ಮಾಂಸ ಮುಗಿಯುವ ಮೊದಲೇ ಡೆಕ್ಸ್ಟರ್ ಆ ಕಾಪ್ತಾನ್‌ನ ಮಗಳ ಜೊತೆ ಓಡಿಹೋದ. ಮೂರು ದಿನ ಬಿಟ್ಟು ಇಬ್ಬರೂ ಕೈ ಕೈ ಹಿಡಿದು ವಾಪಸ್ ಬಂದರು. ಇನ್ನೇನು ಮಾಡುತ್ತಾನೆ, ಬುಲಿಹಾನ್‌ನ ಕಾಪ್ತಾನ್ ಮುಖ ಗಂಟು ಹಾಕಿಕೊಂಡೇ ಮದುವೆ ಮಾಡಿಸಿದ, ಅಳಿಯನನ್ನು ಮನೆ ತುಂಬಿಸಿಕೊಂಡ. ಡೆಕ್ಸ್ಟರ್ ಸೆಪಾಳ ಕೈಯನ್ನು ಹಣೆಗೆ ಮುಟ್ಟಿಸಿಕೊಂಡು, ಎರಡು ಚೀಲ, ಕನ್ನಡಿ, ಬೂಟುಗಳ ಜೊತೆಗೆ, ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಜೊಮೆಲ್‌ನ ದಿಂಬನ್ನೂ ಎತ್ತಿಕೊಂಡು ತೊರೆ ದಾಟಿದ. ಇನ್ನು ಅವನು ಬುಲಿಹಾನ್‌ನವನೇ, ಜೊಮೆಲ್ಲೂ ಬುಲಿಹಾನ್‌ನವನೇ. ಕೊಟ್ಟದ್ದೂ ಅವರ ಪಾಲಿಗೆ, ತಂದದ್ದೂ ಅವರ ಪಾಲಿಗೆ. ಪಾಯಪಾಗೆ ಉಳಿದದ್ದು ಗೆದ್ದ ಕಪ್ ಮಾತ್ರ, ಅದರ ಒಂದು ಹಿಡಿಯೂ ಮೆರವಣಿಗೆಯಲ್ಲಿ ಮುರಿದಿತ್ತು.

ಆ ವಾರ ಪೂರ್ತಿ ಸ್ಟ್ಯಾಂಡಿನವರು ಸೆಪಾಳ ಅಂಗಡಿಯಲ್ಲಿ ಕೂತು ಗೋಳಾಡಿದರು. ಒಂದು ಮಧ್ಯಾಹ್ನ ಕಾಪ್ ತಾಸ್ಯೊ ಹೊಸ ಹುರುಪಿನಲ್ಲಿ ಬಂದ. ಯೋಚನೆ ಮಾಡಿದ್ದೇನೆ, ಬುಲಿಹಾನ್‌ನವರ ಹತ್ತಿರ ಮತ್ತೆ ಮಾತಾಡೋಣ, ಇಬ್ಬರನ್ನು ಕೊಟ್ಟಾದರೂ ಜೊಮೆಲ್‌ನನ್ನು ತರೋಣ, ಅವನಂಥ ಆಟಗಾರ ಈ ಸುತ್ತಮುತ್ತಲಲ್ಲೇ ಇಲ್ಲ, ಯಾರನ್ನು ಕೊಡೋಣ ಹೇಳಿ ಎಂದ.

"ಕೋಚ್‌ನ ಕೊಡಿ," ಎಂದಳು ಸೆಪಾ, ಈರುಳ್ಳಿ ಹೆಚ್ಚುತ್ತಲೇ. "ಊಟ ಕಮ್ಮಿ. ದಿಂಬು ಕದಿಯಲ್ಲ."

ಎಲ್ಲರೂ ನಕ್ಕರು. ಪೊನ್ಸೊ ಮೂಲೆಯ ಮೇಜಿನಲ್ಲಿ ಕೂತು ಲೋಮಿ ಕಲಕುತ್ತಿದ್ದ, ಅವನು ನಗಲಿಲ್ಲ. ನಾನೇನು ಬೇಕಂತ ಕೂರಿಸಿದೆನಾ, ನನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು, ಮಗನನ್ನು ಆಡಿಸಿದ್ದರೆ ಜನ ಬಿಡುತ್ತಿದ್ದರಾ ಎಂದ. ಸೆಪಾ ಚಾಕುವನ್ನು ಕೆಳಗಿಟ್ಟಳು. ಮದುವೆಯಾದಾಗಿನಿಂದ ಈ 'ಜನ'ವನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು.

"ಯಾವ ಜನ? ಒಂದು ಹೆಸರು ಹೇಳು. ಕೋಚ್‌ನ ಮಗ ಅಂತ ಆಡಿಸ್ತಾನೆ ಅಂತ ಅನ್ನೋನು ಈ ಊರಲ್ಲಿ ಯಾರಿದ್ದ, ಒಂದೇ ಒಂದು ಹೆಸರು."

ಪೊನ್ಸೊ ಸ್ಟ್ಯಾಂಡಿನವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದ. ಯಾರ ಮೇಲೂ ಅವನ ಕಣ್ಣು ನಿಲ್ಲಲಿಲ್ಲ. ಕೊನೆಗೆ ಕಾಪ್ ತಾಸ್ಯೊನ ಮೇಲೆ ನಿಂತಿತು.

ಕಾಪ್ ತಾಸ್ಯೊಗೆ ನಿಜವಾಗಿಯೂ ಏನೂ ಅರ್ಥವಾಗಿರಲಿಲ್ಲ.

"ನಾವ್ಯಾಕೆ ಅಂತಿದ್ವಿ ಪಾರೆ?" ಎಂದ. "ಹೆತ್ತ ಅಪ್ಪನೇ ಅವನನ್ನ ಆಡಿಸ್ತಿರ್ಲಿಲ್ಲ. ನೀನೇ ಕೋಚು, ನಿನಗಿಂತ ಹೆಚ್ಚು ಯಾರಿಗೆ ಗೊತ್ತಿರುತ್ತೆ? ಹುಡುಗನಲ್ಲಿ ಏನೂ ಇಲ್ಲ ಅಂದ್ಕೊಂಡ್ವಿ. ಇಲ್ಲದಿದ್ರೆ ಜ್ಞಾನಸ್ನಾನಕ್ಕೆ ನನ್ನ ಕೈಯಾರೆ ಹಿಡಿದ ಮಗನ್ನ ಕೊಟ್ಟುಬಿಡ್ತಿದ್ನಾ?"

ಪೊನ್ಸೊ ಚಮಚವನ್ನು ಬಟ್ಟಲಿನಲ್ಲೇ ಬಿಟ್ಟ. ಇಷ್ಟು ವರ್ಷ ಈ ಜಗಳದಲ್ಲಿ ಗೆಲ್ಲಬೇಕು ಎಂದು ಕಾದಿದ್ದ ಸೆಪಾ, ಗೆದ್ದ ಮೇಲೆ ಗಂಡನ ಮುಖ ನೋಡಿ, ಬೈಯಲು ಕೂಡಿಟ್ಟುಕೊಂಡಿದ್ದನ್ನೆಲ್ಲ ಬೈಯಲಾರದೆ ಹೋದಳು. ಮಾಸಿದ ಏಪ್ರನ್ನಿಗೆ ಕೈ ಒರೆಸಿಕೊಂಡು ಅದನ್ನು ಬಿಚ್ಚಿ ಗೂಟಕ್ಕೆ ಹಾಕಿದಳು.

"ಏಳು," ಎಂದಳು. "ಟ್ರೈಸಿಕಲ್ ತೆಗಿ. ಈ ಹೊತ್ತಿಗೆ ಅವರ ಅಭ್ಯಾಸ ಶುರುವಾಗಿರುತ್ತೆ. ಅವನು ಆಡೋದನ್ನ ಒಂದ್ಸಲ ಸುಮ್ನೆ ಕೂತು ನೋಡು."

ಪೊನ್ಸೊ ಎದ್ದ. ಕೀಲಿಕೈ ಅವನ ಕೈಯಲ್ಲೇ ಇತ್ತು, ಆದರೂ ಮೇಜಿನ ಮೇಲೆಲ್ಲ ಹುಡುಕಿದ.